ಬೂದಿ ಚಿಟ್ಟೆಯ ರೆಕ್ಕೆಪುಡಿ

ನನ್ನ ಅಕ್ಕನ ಉಸಿರು ಕೆಡಲು ಕಾರಣ ನಾನು. ಇದನ್ನು ಮೊದಲೇ ಬರೆದುಬಿಡುತ್ತೇನೆ. ಕೊನೆಗೆ ಹೇಳಿದರಾಯಿತು ಎಂದು ಇಟ್ಟುಕೊಂಡರೆ ನಡುವೆ ಎಲ್ಲೋ ನಾನು ಒಳ್ಳೆಯವನಾಗಿ ಕಾಣುವಂತೆ ಕಥೆ ಕಟ್ಟಿಬಿಡುತ್ತೇನೆ. ನನ್ನ ಬುದ್ಧಿ ನನಗೆ ಗೊತ್ತು.

ತೊಂಬತ್ತರ ದಶಕದಲ್ಲಿ ಪಾಂಡವಪುರದ ಹೊರಗೆ, ನಾಲೆ ಏರಿಯ ಪಕ್ಕದ ಒಂದು ಹಳೆಯ ಗೋದಾಮಿನಲ್ಲಿ ನನಗೆ ಕೆಲಸ. ಖಾಸಗಿಯವರೊಬ್ಬರು ಅಲ್ಲಿ ಸಣ್ಣ ಪ್ರಯೋಗಾಲಯವೊಂದನ್ನು ನಡೆಸುತ್ತಿದ್ದರು. ಕಬ್ಬಿನ ಸುಳಿ ಕೊರೆಯುವ ಹುಳವನ್ನು ವಿಷ ಹಾಕದೆ ಹತೋಟಿಗೆ ತರುವುದು ಅವರ ಹಂಬಲ. ಉಪಾಯ ಇಷ್ಟೆ. ಕಣ್ಣು ಕಿರಿದು ಮಾಡಿ ನೋಡಿದರೆ ಚುಕ್ಕಿಯಂತೆ ಕಾಣುವ ಒಂದು ಕಣಜವಿದೆ. ಅದು ಚಿಟ್ಟೆಗಳ ಮೊಟ್ಟೆಯೊಳಗೆ ತನ್ನ ಮೊಟ್ಟೆ ಇಡುತ್ತದೆ. ಚಿಟ್ಟೆಯ ಮರಿ ಹುಟ್ಟುವ ಮೊದಲೇ ಸಾಯುತ್ತದೆ, ಅದರ ಬದಲು ಕಣಜ ಹೊರಗೆ ಬರುತ್ತದೆ. ಕಬ್ಬಿನ ಗದ್ದೆಗೆ ಈ ಕಣಜವನ್ನು ಬಿಟ್ಟರೆ ಸುಳಿಹುಳದ ಮೊಟ್ಟೆಗಳನ್ನು ಅದೇ ಹುಡುಕಿಕೊಂಡು ಹೋಗುತ್ತದೆ. ಆದರೆ ಕಣಜವನ್ನು ಸಾಕಬೇಕಾದರೆ ದಿನವೂ ಅದಕ್ಕೆ ಮೊಟ್ಟೆ ಒದಗಿಸಬೇಕು. ಆ ಮೊಟ್ಟೆಗಾಗಿ ನಾವು ಇನ್ನೊಂದು ಚಿಟ್ಟೆಯನ್ನು ಸಾಕುತ್ತಿದ್ದೆವು.

ಆ ಚಿಟ್ಟೆಯನ್ನು ನೋಡದವರು ಯಾರೂ ಇಲ್ಲ. ಬಹಳ ದಿನ ಮುಚ್ಚಿಟ್ಟ ಅಕ್ಕಿ ಡಬ್ಬದ ಮುಚ್ಚಳ ತೆಗೆದಾಗ ಮುಖದ ಮುಂದೆ ಪುರ್ರೆಂದು ಹಾರುತ್ತದಲ್ಲ, ಅದೇ. ನಮ್ಮ ಅಧಿಕಾರಿ ಅದನ್ನು ಕಾರ್ಸೈರಾ ಎನ್ನುತ್ತಿದ್ದರು. ಅದು ಕುಲದ ಹೆಸರು, ಬಳಗ ತೀರ ಚಿಕ್ಕದು, ನಮಗೆ ಬೇಕಾದದ್ದು ಅದರಲ್ಲಿ ಒಂದೇ ಒಂದು ಎಂದು ಹೇಳಿಕೊಟ್ಟಿದ್ದರು. ನಮ್ಮಲ್ಲಿ ಕೆಲಸಕ್ಕಿದ್ದ ಹೆಂಗಸರು ಬೂದಿ ಚಿಟ್ಟೆ ಎಂದು ಹೆಸರಿಟ್ಟಿದ್ದರು. ಒಲೆಯ ಬೂದಿಯದೇ ಬಣ್ಣ. ಕುಳಿತಾಗ ರೆಕ್ಕೆಗಳನ್ನು ಮೈಗೆ ಸುತ್ತಿಕೊಂಡು ಒಣಗಿದ ಕಡ್ಡಿಯ ಚೂರಿನಂತೆ ಕಾಣುತ್ತಿತ್ತು.

ನಾನು ಎಸ್ಸೆಸ್ಸೆಲ್ಸಿ ಪಾಸಾದವನು. ಕೆಲಸದ ಹೆಂಗಸರು ಅಷ್ಟು ಓದಿದವರಲ್ಲ. ಅಧಿಕಾರಿ ಯಾವಾಗಲೂ ಶ್ರೀರಂಗಪಟ್ಟಣದ ಕಡೆಯೋ ಕೆ.ಆರ್. ಪೇಟೆಯ ಕಡೆಯೋ ಗದ್ದೆ ನೋಡಲು ಹೋಗಿರುತ್ತಿದ್ದರು. ಹಾಗಾಗಿ ಚಿಟ್ಟೆಮನೆಗೆ ನಾನೇ ಯಜಮಾನ. ಆ ಮಾತು ಯಾರೂ ಹೇಳಿದ್ದಲ್ಲ, ನಾನೇ ಅಂದುಕೊಂಡದ್ದು.

ಕೆಲಸ ಆ ಹುಳದ ಬದುಕಿನ ಜೊತೆಗೇ ನಡೆಯುತ್ತಿತ್ತು. ನಾಗಮಂಗಲದ ಕಡೆಯಿಂದ ಮುಸುಕಿನ ಜೋಳದ ಮೂಟೆ ತರಿಸಿ, ನುಚ್ಚು ಮಾಡಿಸಿ, ಬೇರೆ ಹುಳ ಇರದಂತೆ ಬಿಸಿ ಮಾಡಿ, ಕಡಲೆಕಾಯಿ ಬೀಜದ ಪುಡಿ ಬೆರೆಸಿ ಮರದ ಪೆಟ್ಟಿಗೆಗಳಿಗೆ ತುಂಬುತ್ತಿದ್ದೆವು. ಅದರ ಮೇಲೆ ಮೊಟ್ಟೆ ಉದುರಿಸುವುದು. ಮೊಟ್ಟೆ ಸಣ್ಣ ರವೆಗಿಂತಲೂ ಸಣ್ಣದು, ಮುತ್ತಿನ ಬಿಳುಪು, ಒಂದು ತುದಿಯಲ್ಲಿ ಚೂಪಾದ ಮೊಗ್ಗು. ಕೆಲವು ದಿನಕ್ಕೆ ಅದರಿಂದ ನೂಲಿನ ಎಳೆಯಂಥ ಮರಿ ಬಂದು ನುಚ್ಚಿನೊಳಗೆ ಇಳಿದುಬಿಡುತ್ತಿತ್ತು. ಆಮೇಲೆ ವಾರಗಟ್ಟಲೆ ಪೆಟ್ಟಿಗೆಯಲ್ಲಿ ಏನೂ ನಡೆಯುತ್ತಿಲ್ಲವೆಂದೇ ತೋರುತ್ತಿತ್ತು. ಕೈ ಹಾಕಿ ಎತ್ತಿದರೆ ಮಾತ್ರ ನುಚ್ಚು ಉಂಡೆಯುಂಡೆಯಾಗಿ ಬರುತ್ತಿತ್ತು. ಹುಳ ಬಾಯಿಂದ ರೇಷ್ಮೆಯಂಥ ನೂಲು ಬಿಟ್ಟು ಕಾಳುಗಳನ್ನು ಹೊಲಿದು, ಆ ಸುರಂಗದೊಳಗೆ ಕುಳಿತು ತಿನ್ನುತ್ತಿತ್ತು. ಬೆಳೆದ ಹುಳಕ್ಕೆ ಕಂದು ತಲೆ, ಕೆನೆ ಬಣ್ಣದ ಮೈ, ಅಲ್ಲೊಂದು ಇಲ್ಲೊಂದು ಉದ್ದ ಕೂದಲು. ಅಧಿಕಾರಿ ಒಮ್ಮೆ ಸೂಕ್ಷ್ಮದರ್ಶಕದಲ್ಲಿ ಅದರ ಪಕ್ಕೆಯನ್ನು ತೋರಿಸಿದ್ದರು. ಸಾಲಾಗಿ ಸಣ್ಣ ಸಣ್ಣ ತೂತುಗಳು, ಪ್ರತಿಯೊಂದಕ್ಕೂ ಅಂಚು, ಹಿಂದಿನ ಅಂಚು ಮಾತ್ರ ತುಸು ದಪ್ಪ. ಹುಳ ಉಸಿರಾಡುವುದು ಆ ತೂತುಗಳಿಂದ. ಬೇರೆ ಧಾನ್ಯದ ಹುಳದಿಂದ ಇದನ್ನು ಬೇರೆ ಮಾಡುವ ಗುರುತೂ ಅದೇ. ತಿಂದು ಮುಗಿದ ಮೇಲೆ ಗಟ್ಟಿಯಾದ ಬಿಳಿ ಗೂಡು ಹೆಣೆದು ಒಳಗೆ ಕೋಶವಾಗುತ್ತಿತ್ತು. ಕೊನೆಗೊಂದು ಮುಂಜಾನೆ ಮುಚ್ಚಳ ತೆಗೆದರೆ ಅದರ ಒಳಮೈ ತುಂಬ ಬೂದಿ ಚಿಟ್ಟೆಗಳು ಅಂಟಿಕೊಂಡಿರುತ್ತಿದ್ದವು.

ಅವನ್ನು ಬೆಳಗ್ಗೆ ಬೇಗ ಹಿಡಿಯಬೇಕು. ಬಿಸಿಲೇರಿದರೆ ಹಾರಾಡುತ್ತವೆ. ಬದುಕುವುದೇ ಕೆಲವು ದಿನ, ಮೊಟ್ಟೆಯಲ್ಲಿ ಹೆಚ್ಚು ಪಾಲು ಮೊದಮೊದಲ ರಾತ್ರಿಗಳಲ್ಲೇ ಇಟ್ಟುಬಿಡುತ್ತವೆ. ಹಿಡಿದ ಚಿಟ್ಟೆಗಳನ್ನು ತಳಕ್ಕೆ ಜಾಲರಿ ಹಾಕಿದ ತಗಡಿನ ಡಬ್ಬಕ್ಕೆ ಬಿಟ್ಟು, ಜೇನುನೀರಿನಲ್ಲಿ ಅದ್ದಿದ ಹತ್ತಿ ತೂಗುಹಾಕಿದರೆ, ಮೊಟ್ಟೆ ಜಾಲರಿಯಿಂದ ಕೆಳಗಿನ ಕಾಗದಕ್ಕೆ ಉದುರುತ್ತಿತ್ತು. ಅದನ್ನು ಜರಡಿ ಹಿಡಿದು, ಅಂಟು ಬಳಿದ ದಪ್ಪ ಕಾಗದಕ್ಕೆ ಉದುರಿಸಿ, ಕಣಜದ ಜೊತೆ ಇಟ್ಟು, ಕಣಜ ಹೊಕ್ಕ ಮೊಟ್ಟೆ ಕಪ್ಪಗಾದ ಮೇಲೆ ರೈತರಿಗೆ ಕೊಡುತ್ತಿದ್ದೆವು. ಕಾರ್ಡು ಎಂದೇ ಅದಕ್ಕೆ ಹೆಸರು. ಅದನ್ನು ತುಂಡು ಮಾಡಿ ಕಬ್ಬಿನ ಗರಿಯ ಅಡಿಗೆ ಸಿಕ್ಕಿಸುವುದು.

ಚಿಟ್ಟೆ ಹಿಡಿಯುವ ಬಗೆಯೇ ಈ ಕಥೆಯ ಮೂಲ. ಬೆರಳಿನಿಂದ ಹಿಡಿಯುವಂತಿಲ್ಲ, ರೆಕ್ಕೆ ಹರಿಯುತ್ತದೆ. ಒಂದು ಗಾಜಿನ ಕೊಳವೆ, ಅದಕ್ಕೆ ಮೊಳದುದ್ದದ ರಬ್ಬರ್ ಕೊಳವೆ. ರಬ್ಬರಿನ ತುದಿಯನ್ನು ಬಾಯಲ್ಲಿಟ್ಟುಕೊಂಡು, ಗಾಜಿನ ತುದಿಯನ್ನು ಚಿಟ್ಟೆಯ ಹತ್ತಿರ ಹಿಡಿದು ಚುರ್ರೆಂದು ಒಳಗೆಳೆದರೆ ಚಿಟ್ಟೆ ಗಾಜಿನೊಳಗೆ. ಬಾಯಿಗೆ ಹೋಗದಂತೆ ಎರಡರ ನಡುವೆ ತೆಳ್ಳನೆಯ ಮಲ್ ಬಟ್ಟೆ ಕಟ್ಟಿರುತ್ತಿತ್ತು. ಎರಡು ಪದರ ಬಟ್ಟೆ, ನಡುವೆ ತೆಳುವಾಗಿ ಹತ್ತಿ. ಹಾಗೆ ಕಟ್ಟಬೇಕೆಂದು ಅಧಿಕಾರಿಯೇ ತೋರಿಸಿಕೊಟ್ಟಿದ್ದರು.

ಆ ಕೊಳವೆಯಲ್ಲಿ ನನ್ನ ಅಕ್ಕನಿಗೆ ಸರಿಸಾಟಿ ಇರಲಿಲ್ಲ. ಅವಳನ್ನು ಚಿನಕುರಳಿಯ ಹತ್ತಿರದ ಹಳ್ಳಿಗೆ ಕೊಟ್ಟಿತ್ತು. ಭಾವ ಬೇಸಾಯದವರು. ಮನೆಯಲ್ಲಿ ಒಂದು ಸೀಮೆಹಸು, ಡೇರಿಗೆ ಹಾಲು ಹಾಕುವುದು ಅಕ್ಕನ ಕೆಲಸ. ಬಿಸಿಲಲ್ಲಿ ಕಳೆ ಕೀಳುವುದಕ್ಕಿಂತ ಇದು ವಾಸಿ ಎಂದು ನಾನೇ ಅವಳನ್ನು ಕೆಲಸಕ್ಕೆ ಸೇರಿಸಿದೆ. ಬೆಳಗ್ಗೆ ಹಾಲು ಹಾಕಿ ಬಸ್ಸು ಹತ್ತುತ್ತಿದ್ದಳು. ಬಂದ ಮೊದಲ ದಿನವೇ ಕೊಳವೆ ನೋಡಿ, “ಇದೇನ್ಲಾ, ಒಲೆ ಊದೋ ಕೊಳ್ವೆ ಕೊಟ್ಟು ಉಲ್ಟಾ ಎಳ್ಕೋ ಅಂತೀಯ?” ಎಂದು ನಕ್ಕಿದ್ದಳು. ಅಂದಿನಿಂದ ಅದಕ್ಕೆ ಊದುಗೊಳವೆ ಎಂದೇ ಹೆಸರಾಯಿತು.

ಗಂಡು ಹೆಣ್ಣು ಗುರುತು ಹಿಡಿಯುವುದನ್ನು ನಾನು ಕಲಿಸಿದೆ. ಹೆಣ್ಣಿನ ಮುಖದ ಮುಂದೆ ಮೂತಿಯಂಥ ಎರಡು ಅಂಗ ಉದ್ದಕ್ಕೆ ಚಾಚಿಕೊಂಡಿರುತ್ತವೆ, ಗಂಡಿಗೆ ಮೊಟಕು.

“ಅಂಗಾರೆ ಮುಂದ್ಕೆ ಮೂತಿ ಚಾಚ್ಕೊಂಡಿರೋದೆಲ್ಲ ಹೆಣ್ಣು ಅನ್ನು. ನಮ್ಮತ್ತೆ ಇದ್ದಂಗೆ,” ಎಂದಳು ಅಕ್ಕ.

“ಅಯ್ಯೋ, ನಿಮ್ಮತ್ತೆಗೆ ಕೇಳುಸ್ತದೆ ಕಣಕ್ಕಯ್ಯ!” ಎಂದು ಇನ್ನೊಬ್ಬ ಹೆಂಗಸು ನಕ್ಕಳು.

“ಕೇಳುಸ್ಲಿ ಬುಡು, ಅವ್ರು ಚಿಟ್ಟೆ ಇಡಿಯಾಕೆ ಬರಾಕಿಲ್ಲ.”

ಅವಳಿಗೆ ಆ ಕೋಣೆ ಎಷ್ಟು ಹಿಡಿಸಿತೆಂದರೆ ಹಬ್ಬದ ದಿನವೂ ರಜ ಕೇಳುತ್ತಿರಲಿಲ್ಲ. ಅಧಿಕಾರಿ ಅವಳನ್ನು ಹೆಸರು ಹಿಡಿದು ಕೇಳಿಕೊಂಡು ಬರುತ್ತಿದ್ದರು. ಅದು ಅವಳಿಗೆ ದೊಡ್ಡದು.

ಚಿಟ್ಟೆಯ ಬೂದಿ ಬಣ್ಣ ಅದರ ಮೈಯ ಬಣ್ಣವಲ್ಲ, ರೆಕ್ಕೆಯ ಮೇಲಿನ ಪುಡಿಯ ಬಣ್ಣ. ದೊಡ್ಡದಾಗಿಸಿ ನೋಡಿದರೆ ಆ ಪುಡಿ ಪುಡಿಯಲ್ಲ. ಒಂದೊಂದು ಕಣವೂ ಚಪ್ಪಟೆಯಾದ ಹೆಂಚು, ತುದಿಯಲ್ಲಿ ಸಣ್ಣ ತೊಟ್ಟು. ಮನೆಯ ಮಾಡಿಗೆ ಹೆಂಚು ಹೊದಿಸಿದಂತೆ ಸಾಲು ಸಾಲಾಗಿ ಒಂದರ ಮೇಲೊಂದು ಕೂತಿರುತ್ತದೆ. ಮುಟ್ಟಿದರೆ ಉದುರುತ್ತದೆ. ಜೇಡನ ಬಲೆಗೆ ಸಿಕ್ಕಿದ ಚಿಟ್ಟೆ ಹೆಂಚುಗಳನ್ನು ಬಲೆಗೆ ಬಿಟ್ಟು ತಾನು ಜಾರಿಕೊಳ್ಳುವುದು ಇದರಿಂದಲೇ. ಪೆಟ್ಟಿಗೆ ತೆರೆದಾಗಲೆಲ್ಲ ಅದು ಕೋಣೆ ತುಂಬ ಏಳುತ್ತಿತ್ತು. ಕಿಟಕಿಯ ಬೆಳಕಿನಲ್ಲಿ ಮಿಣುಕುವುದು ಕಾಣುತ್ತಿತ್ತು.

“ಇದು ಎದೆಗೆ ಇಳಿದರೆ ಕೆಲವರಿಗೆ ಉಸಿರು ಕಟ್ಟುತ್ತದೆ. ಬಟ್ಟೆ ಎರಡು ಪದರ ಇರಲೇಬೇಕು, ದಿನಾ ಬದಲಾಯಿಸಿ. ಮೂಗಿಗೂ ಕಟ್ಟಿಕೊಳ್ಳಲು ಹೇಳಿ,” ಎಂದು ಅಧಿಕಾರಿ ನನಗೆ ಸ್ಪಷ್ಟವಾಗಿ ಹೇಳಿದ್ದರು. ನನಗೆ ಅದು ಅನುಭವವೂ ಆಗಿತ್ತು. ಹಳೆಯ ಪೆಟ್ಟಿಗೆಗಳನ್ನು ಕೊಡವಿ ತೊಳೆದ ದಿನ ಎದೆಯಲ್ಲಿ ಸಿಳ್ಳೆ ಹಾಕಿದಂತಾಗಿ ಮಲಗಲಾಗಿರಲಿಲ್ಲ. ಅಂದಿನಿಂದ ನಾನು ಚಿಟ್ಟೆ ಹಿಡಿಯುವ ಹೊತ್ತಿಗೆ ಒಳಗೆ ಹೋಗುವುದನ್ನೇ ಬಿಟ್ಟೆ. ಕಾರ್ಡು ಕತ್ತರಿಸುವ ನೆಪ ಮಾಡಿಕೊಂಡು ಹೊರಗಿನ ಜಗುಲಿಯಲ್ಲಿ ಕೂರುತ್ತಿದ್ದೆ. ನನ್ನ ಎದೆಯನ್ನು ನಾನು ಹೀಗೆ ಕಾಪಾಡಿಕೊಂಡೆ.

ಒಂದು ವರ್ಷ ಕಾರ್ಡಿಗೆ ಬೇಡಿಕೆ ಏರಿತು. ಕೆ.ಆರ್. ಪೇಟೆಯ ಕಡೆಯ ರೈತರು ಬೆಳಗಿನ ಬಸ್ಸಿಗೇ ಬಂದು ಜಗುಲಿಯಲ್ಲಿ ಕೂತಿರುತ್ತಿದ್ದರು. “ಏನ್ ಸ್ವಾಮಿ, ನಿಮ್ ಚಿಟ್ಟೆ ಇನ್ನೂ ಎದ್ದಿಲ್ವಾ?” ಎಂದು ಕೆಣಕುತ್ತಿದ್ದರು. ಇಲ್ಲ ಎಂದು ಕಳಿಸುವುದು ನನಗೆ ಅವಮಾನ. ಇದ್ದ ಚಿಟ್ಟೆಯನ್ನೆಲ್ಲ ಬಿಸಿಲೇರುವ ಮೊದಲು ಹಿಡಿಯಲಾಗುತ್ತಿರಲಿಲ್ಲ. ಬಟ್ಟೆ ದಪ್ಪವಿದ್ದರೆ ಎಳೆಯುವುದು ಕಷ್ಟ, ಬಾಯಿ ಬೇಗ ಸೋಲುತ್ತದೆ. ಒಂದು ಸಂಜೆ ಎಲ್ಲರೂ ಹೋದ ಮೇಲೆ ನಾನೇ ಕೂತು, ಎಲ್ಲ ಕೊಳವೆಗಳಿಂದ ಹತ್ತಿ ತೆಗೆದೆ, ಒಂದು ಪದರ ಬಟ್ಟೆ ತೆಗೆದೆ, ಉಳಿದ ಒಂದನ್ನು ಬಿಗಿಯಾಗಿ ಕಟ್ಟಿದೆ.

ಮಾರನೆಯ ಬೆಳಗ್ಗೆ ಡಬ್ಬಗಳು ಬೇಗ ತುಂಬಿದವು. ಕೊಳವೆಯ ಕಟ್ಟನ್ನು ಬೆರಳಿನಿಂದ ಸವರಿ ಅಕ್ಕ ಕೇಳಿದಳು.

“ಇದ್ಯಾಕ್ಲಾ ಒಂದೇ ಅರಿವೆ ಅದೆ?”

“ಎರಡು ಬೇಕಿಲ್ವಂತೆ ಕಣಕ್ಕ. ಸಾಹೇಬ್ರೇ ಹೇಳವ್ರೆ.”

ಸಾಹೇಬರು ಹೇಳಿರಲಿಲ್ಲ. ಅವರು ಬಂದ ದಿನ ನಾನು ಒಂದು ಕೊಳವೆಗೆ ಮಾತ್ರ ಮತ್ತೆ ಎರಡು ಪದರ ಕಟ್ಟಿ ಮೇಜಿನ ಮೇಲೆ ಕಾಣುವಂತೆ ಇಡುತ್ತಿದ್ದೆ. ಹೆಚ್ಚು ಕಾರ್ಡು ಹೊರಟದ್ದಕ್ಕೆ ಅವರು ನನ್ನ ಬೆನ್ನು ತಟ್ಟಿದರು. ನಾನು ತಟ್ಟಿಸಿಕೊಂಡೆ.

ಮುಂದಿನ ಚಳಿಗಾಲಕ್ಕೆ ಅಕ್ಕನಿಗೆ ಕೆಮ್ಮು ಶುರುವಾಯಿತು. ಮೊದಲು ಬೆಳಗ್ಗೆ ಮಾತ್ರ, ಆಮೇಲೆ ಮೆಟ್ಟಿಲು ಹತ್ತಿದರೆ, ಆಮೇಲೆ ಜೋರಾಗಿ ನಕ್ಕರೂ. ನಗುವುದನ್ನು ಕಡಿಮೆ ಮಾಡಿದಳು. ನಾನೇ ಅವಳನ್ನು ಶ್ರೀರಂಗಪಟ್ಟಣದ ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಎದೆಗೆ ಕೊಳವೆ ಇಟ್ಟು ನೋಡಿ, “ಏನು ಕೆಲಸ ಮಾಡ್ತಾರೆ? ಧೂಳು, ಹೊಗೆ ಏನಾದ್ರೂ ಇದೆಯಾ?” ಎಂದು ಕೇಳಿದರು.

ಅಕ್ಕ ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ: “ಒಲೆ ಹೊಗೆ ಸಾರ್. ಮನೇಲಿ ಹಸು ಇದೆ, ಒಣಹುಲ್ಲಿನ ಧೂಳು. ಊರ ಹತ್ತಿರ ಕಲ್ಲು ಕ್ವಾರಿನೂ ಇದೆ.”

ಒಂದೂ ಸುಳ್ಳಲ್ಲ. ಆದರೆ ಚಿಟ್ಟೆಯ ಹೆಸರು ಎತ್ತಲಿಲ್ಲ. ಎತ್ತಿದ್ದರೆ ಅವರು ಪ್ರಯೋಗಾಲಯಕ್ಕೆ ಒಂದು ಚೀಟಿ ಬರೆಯುತ್ತಿದ್ದರೇನೋ, ಅಧಿಕಾರಿ ಕೊಳವೆ ಬಿಚ್ಚಿ ನೋಡುತ್ತಿದ್ದರೇನೋ. ಆ ಭಯ ನನಗೆ. ಅಕ್ಕನೂ ತನ್ನ ಕೆಲಸವನ್ನು ಧೂಳಿನ ಕೆಲಸ ಎಂದು ತಿಳಿದವಳಲ್ಲ. ಅವಳಿಗೆ ಅದು ಫ್ಯಾನು ತಿರುಗುವ, ನೆರಳಿನ ಕೆಲಸ. ಡಾಕ್ಟರು ಮಾತ್ರೆ ಕೊಟ್ಟರು, ಎಳೆದುಕೊಳ್ಳುವ ಔಷಧಿ ಕೊಟ್ಟರು. ಹುಲ್ಲಿನ ಧೂಳೇ ಇರಬೇಕು, ಹಸುವನ್ನು ದೂರ ಮಾಡಿದರೆ ಒಳ್ಳೆಯದು ಎಂದರು.

ಅಕ್ಕ ಹಸುವನ್ನು ಕೆ.ಆರ್. ಪೇಟೆಯ ಕಡೆ ಇದ್ದ ನಾದಿನಿಯ ಮನೆಗೆ ಕಳಿಸಿದಳು. ಹಗ್ಗ ಹಿಡಿದುಕೊಟ್ಟವನು ನಾನೇ. ಹಸು ಹೋದ ದಿನ ಅವಳು ಕೆಲಸಕ್ಕೆ ಬರಲಿಲ್ಲ. ಮಾರನೆಯ ದಿನ ಬಂದು ಕೊಳವೆ ಬಾಯಿಗಿಟ್ಟಳು. ಜಗುಲಿಯಲ್ಲಿ ಕೂತ ನನಗೆ ಒಳಗಿನಿಂದ ಚುರ್ರೆನ್ನುವ ಸದ್ದು, ನಡುನಡುವೆ ಕೆಮ್ಮು ಕೇಳುತ್ತಿತ್ತು. ಆಗಲೂ ನಾನು ಎರಡನೆಯ ಪದರ ಹಾಕಲಿಲ್ಲ. ಹಾಕಿದರೆ ಇಷ್ಟು ದಿನ ಯಾಕೆ ಇರಲಿಲ್ಲ ಎಂದು ಕೇಳುತ್ತಾಳೆ ಎಂಬ ಅಂಜಿಕೆ. ಮಾಡಿದ ತಪ್ಪಿಗಿಂತ ಈ ತಿಂಗಳುಗಳೇ ನನ್ನನ್ನು ಹೆಚ್ಚು ಸುಡುತ್ತವೆ.

ಬಟ್ಟೆಯ ಮಾತೇ ಬಾರದಂತೆ ಅವಳ ಬಾಯಿಂದ ಕೊಳವೆಯನ್ನೇ ತೆಗೆಸಬೇಕೆಂದು ಕೊನೆಗೆ ಹಠ ಹಿಡಿದೆ. ಕುಲುಮೆಗೆ ಗಾಳಿ ಊದಲು ಕೈಯಿಂದ ತಿರುಗಿಸುವ ಬ್ಲೋಯರ್ ಇರುತ್ತದಲ್ಲ, ಅದು ಒಂದು ಕಡೆ ಊದಿದರೆ ಇನ್ನೊಂದು ಕಡೆ ಎಳೆಯಲೇಬೇಕು. ಜೋಳದ ಮೂಟೆ ತರಲು ಹೋದಾಗ ನಾಗಮಂಗಲದ ಒಬ್ಬ ಕಮ್ಮಾರನ ಹತ್ತಿರ ಹಳೆಯದೊಂದನ್ನು ಕೇಳಿದೆ.

“ಯಾತಕ್ಕೆ ಸ್ವಾಮಿ?”

“ಚಿಟ್ಟೆ ಹಿಡಿಯೋಕೆ.”

ಅವನು ಸುತ್ತಿಗೆ ಕೆಳಗಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದ. “ಕಬ್ಬಿಣ ಬಡ್ದು ಬಡ್ದು ನಂಗೆ ಕಿವಿ ಓಗ್ಯದೆ ಅಂದ್ಕೊಂಡಿದ್ದೆ. ನಿಮ್ಗೆ ತಲೇನೇ ಓಗ್ಯದೆ,” ಎಂದ. ಆದರೂ ಕೊಟ್ಟ.

ಅದನ್ನು ಗೋದಾಮಿಗೆ ತಂದು ಕೂರಿಸಿದಾಗ ಅಕ್ಕ ಬಾಗಿಲಲ್ಲಿ ನಿಂತು, “ಇದೇನ್ಲಾ, ಕುಲುಮೆ ಇಕ್ಕಿದ್ದೀಯ? ಚಿಟ್ಟೆಗೆ ಲಾಳ ಹೊಡೀತೀಯಾ?” ಎಂದಳು. ನಕ್ಕಳು, ಕೆಮ್ಮಿದಳು, ಗೋಡೆ ಹಿಡಿದು ನಿಂತಳು.

ಮೊದಲ ಸಲ ತಿರುಗಿಸಿದಾಗ ಚಿಟ್ಟೆಗಳು ಎಳೆಯುವ ಬಾಯಿಗೆ ಕಟ್ಟಿದ ಜಾಲರಿಗೆ ಬಡಿದು ರೆಕ್ಕೆ ಬೋಳಾಗಿ ಸತ್ತವು. ಹೆಂಚು ಹಾರಿದ ರೆಕ್ಕೆ ಈರುಳ್ಳಿ ಸಿಪ್ಪೆಯಂತೆ, ನರಗಳು ಮಾತ್ರ ಉಳಿದದ್ದು. ಎರಡನೆಯ ಸಲ ಊದುವ ಬಾಯಿ ಕೋಣೆಯ ಕಡೆಗಿತ್ತು. ಪುಡಿಯೆಲ್ಲ ನಮ್ಮ ಮುಖಕ್ಕೇ ಬಂತು, ಎಲ್ಲರನ್ನೂ ಹೊರಗೆ ಓಡಿಸಿದೆ. ಆಮೇಲೆ ಊದುವ ಬಾಯಿಗೆ ಕೊಳವೆ ಸಿಕ್ಕಿಸಿ ಕಿಟಕಿಯಾಚೆ ಬಿಟ್ಟೆ. ಎಳೆಯುವ ಬಾಯಿಗೂ ಗಾಜಿನ ಕೊಳವೆಗೂ ನಡುವೆ ದೊಡ್ಡ ಬಾಯಿಯ ಸೀಸೆ ಇಟ್ಟೆ. ಗಾಳಿ ಸೀಸೆಗೆ ಬಂದೊಡನೆ ಬಿರುಸು ತಗ್ಗಿ ಚಿಟ್ಟೆ ಮೆಲ್ಲಗೆ ತಳಕ್ಕೆ ಬೀಳುತ್ತಿತ್ತು. ಎಷ್ಟು ನಿಧಾನ ತಿರುಗಿಸಬೇಕು ಎಂಬುದು ಕೈಗೆ ಹತ್ತುವಷ್ಟರಲ್ಲಿ ಬೇಸಿಗೆ ಬಂದಿತ್ತು. ಈ ಸಲ ನಾನು ಜಗುಲಿಯಲ್ಲಿ ಕೂರಲಿಲ್ಲ. ಮೂಗಿಗೆ ಟವೆಲ್ ಕಟ್ಟಿಕೊಂಡು ಒಳಗೇ ನಿಂತು ತಿರುಗಿಸಿದೆ. ಗಾಜಿನ ತುದಿ ಅಕ್ಕನ ಕೈಯಲ್ಲಿ, ಉಳಿದ ಹೆಂಗಸರ ಬಾಯಲ್ಲಿ ಅದೇ ಹಳೆಯ ಕೊಳವೆ.

ಆದರೆ ಆದದ್ದೇ ಬೇರೆ. ಕಾರ್ಡಿಗೆ ಬಂದ ಪ್ರತಿ ರೈತನಿಗೂ ಅಕ್ಕ ಆ ಯಂತ್ರ ತೋರಿಸತೊಡಗಿದಳು. “ನನ್ ತಮ್ಮ ಮಾಡಿದ್ದು. ನಂಗೆ ಉಸ್ರು ಎಳೆಯಾಕೆ ಆಗಾಕಿಲ್ಲ ಅಂತ ನಾಗಮಂಗ್ಲದ ತಂಕ ಓಗಿ ಹೊತ್ಕೊಂಡ್ ಬಂದವ್ನೆ. ಯಾವ್ ತಮ್ಮ ಮಾಡ್ತಾನೆ ಹೇಳು?” ನಾನು ತಲೆ ತಗ್ಗಿಸಿ ಕಾರ್ಡು ಕತ್ತರಿಸುತ್ತಿದ್ದೆ. ಅದನ್ನು ಅವರು ವಿನಯ ಎಂದುಕೊಂಡರು.

ಕೆಮ್ಮು ತಗ್ಗಿತು, ಹೋಗಲಿಲ್ಲ. ಎದೆಗೆ ಇಳಿದದ್ದು ಇಳಿದಿತ್ತು, ಕೋಣೆಯ ಗಾಳಿಯಲ್ಲಿ ಪುಡಿ ಇದ್ದೇ ಇತ್ತು. ಡಾಕ್ಟರು ಮತ್ತೆ ಕೇಳಿದರು, ಮನೆಯಲ್ಲಿ ಇನ್ನೂ ದನ ಇದೆಯಾ ಎಂದು. ಆ ಹಸುವಿನ ಕರು ಒಂದಿತ್ತು. ಅಕ್ಕ ಅದನ್ನು ಮಾತ್ರ ಕಳಿಸದೆ ಉಳಿಸಿಕೊಂಡಿದ್ದಳು. ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದ ಕರು. ಅದೂ ಹೋಗಲಿ ಎಂದರು ಡಾಕ್ಟರು. ನಾನು ಪಕ್ಕದಲ್ಲೇ ನಿಂತಿದ್ದೆ.

ಅದರ ಮುಂದಿನ ಭಾನುವಾರ ಬೆಳಗ್ಗೆ ಎದ್ದವನೇ ಸೈಕಲ್ ಹತ್ತಿ ಅಕ್ಕನ ಊರ ದಾರಿ ಹಿಡಿದೆ. ಹೇಳಿಯೇ ತೀರುವುದೆಂದು ನಿಶ್ಚಯ ಮಾಡಿದ್ದೆ. ದಾರಿಯಲ್ಲಿ ಮನಸ್ಸು ತಿರುಗಬಾರದೆಂದು ಎಲ್ಲೂ ಇಳಿಯಲಿಲ್ಲ, ಟೀ ಕುಡಿಯಲಿಲ್ಲ. ಚಿನಕುರಳಿ ಸಮೀಪಿಸುತ್ತಿದ್ದಂತೆ ಎದುರಿಗೆ ಅಕ್ಕನೇ ಬಂದಳು, ಕೈಯಲ್ಲಿ ಕರುವಿನ ಹಗ್ಗ. ನಾದಿನಿಯ ಊರಿಗೆ ಹೋಗುವ ಟೆಂಪೊ ಮುಖ್ಯರಸ್ತೆಗೆ ಬರುತ್ತದಂತೆ. ಕರು ನಡೆಯಲೊಲ್ಲದೆ ಕಾಲು ಊರಿ ನಿಂತಿತ್ತು. ಎಳೆದು ಎಳೆದು ಅಕ್ಕನಿಗೆ ಏದುಸಿರು.

ನಾನು ಸೈಕಲ್ ನಿಲ್ಲಿಸಿ ಹಗ್ಗ ಹಿಡಿದುಕೊಂಡೆ. “ಇದನ್ನ ಕಳಿಸ್ಬೇಡ ಕಣಕ್ಕ. ಇದರಿಂದ ಅಲ್ಲ.”

“ಬುಡ್ಲಾ, ಡಾಕ್ಟ್ರು ಹೇಳವ್ರೆ.”

“ಡಾಕ್ಟ್ರಿಗೆ ನಾನು ಪೂರ್ತಿ ಹೇಳಿಲ್ಲ.”

ಅಲ್ಲೇ, ರಸ್ತೆ ಬದಿಯಲ್ಲಿ, ನಿಂತ ಕಾಲಲ್ಲೇ ಹೇಳಿದೆ. ಬಟ್ಟೆ ತೆಗೆದವನು ನಾನು. ಸಾಹೇಬರು ತೆಗೆಯಲು ಹೇಳಿರಲಿಲ್ಲ, ಇರಲೇಬೇಕೆಂದು ಹೇಳಿದ್ದರು. ಪುಡಿ ಎದೆಗೆ ಹೋದರೆ ಹೀಗಾಗುತ್ತದೆಂದು ಗೊತ್ತಿತ್ತು. ಗೊತ್ತಿದ್ದಕ್ಕೇ ನಾನು ಹೊರಗೆ ಕೂರುತ್ತಿದ್ದೆ. ಒಂದನ್ನೂ ಬಿಡಲಿಲ್ಲ.

ಅಕ್ಕ ಮೋರಿಯ ಕಟ್ಟೆಯ ಮೇಲೆ ಕೂತಳು. ಒಂದು ಲಾರಿ ಜಲ್ಲಿ ಹೊತ್ತುಕೊಂಡು ಹೋಯಿತು. ಅದರ ಧೂಳು ಅಡಗುವವರೆಗೆ ಸೆರಗನ್ನು ಮೂಗಿಗೆ ಹಿಡಿದಿದ್ದಳು. ಬೈಯುತ್ತಾಳೆ ಎಂದುಕೊಂಡೆ, ಹೊಡೆದರೂ ಸೈ ಎಂದುಕೊಂಡೆ.

“ನಾನು ಕೇಳಿದ್ನಲ್ಲೋ,” ಎಂದಳು ಕೊನೆಗೆ. “ಯಾಕ್ಲಾ ಒಂದೇ ಅರಿವೆ ಅಂತ ಕೇಳಿದ್ನಲ್ಲೋ ನಿನ್ನ.”

“ಕೇಳ್ದೆ.”

“ಹಸ ಕಳ್ಸುವಾಗ ನೀನೇ ಹಗ್ಗ ಹಿಡ್ಕೊಟ್ಟೆ.”

“ಹೂಂ.”

“ಊರ್ಗೆಲ್ಲ ತಮ್ಮ ತಮ್ಮ ಅಂತ ಸಾರ್ಕೊಂಡ್ ಬಂದೆ. ಸುಮ್ನೆ ಕೂತು ಕೇಳುಸ್ಕೊಂಡ್ಯಲ್ಲ, ನಾಚ್ಕೆ ಆಗ್ನಿಲ್ವಾ?”

ಆಗಿತ್ತು ಎಂದರೆ ಅದೂ ಒಂದು ಸಮಜಾಯಿಷಿ. ಅವಳು ಎದ್ದು, ಹಗ್ಗವನ್ನು ನನ್ನ ಕೈಯಿಂದ ಕಿತ್ತುಕೊಂಡು, ಕರುವನ್ನು ಊರ ಕಡೆಗೆ ತಿರುಗಿಸಿದಳು. ಅದು ಈಗ ಎಳೆಸಿಕೊಳ್ಳದೆ ನಡೆಯಿತು. ಸ್ವಲ್ಪ ದೂರ ಹೋಗಿ ನಿಂತು, ತಿರುಗದೆಯೇ ಕೂಗಿದಳು: “ಆ ಕೊಳ್ವೇಲಿ ನಾನೊಬ್ಳೇ ಎಳೀಲಿಲ್ಲ ಕಣ್ಲಾ. ಅವ್ರ್ಗೂ ಹೇಳು. ನಾಳೇನೇ ಹೇಳು. ನೀನು ಹೇಳ್ದಿದ್ರೆ ನಾನ್ ಹೇಳ್ತೀನಿ, ಅದು ಬ್ಯಾರೆ ತರ ಇರ್ತದೆ.”

ಸೋಮವಾರ ಪೆಟ್ಟಿಗೆ ತೆರೆಯುವ ಮೊದಲು ಹೆಂಗಸರನ್ನೆಲ್ಲ ಜಗುಲಿಗೆ ಕರೆದು ಹೇಳಿದೆ. ಅಧಿಕಾರಿಯನ್ನೂ ನಿಲ್ಲಿಸಿಕೊಂಡಿದ್ದೆ. ಅಕ್ಕ ಬಂದಿದ್ದಳು, ಕಂಬಕ್ಕೆ ಒರಗಿ ನಿಂತಿದ್ದಳು, ನಾನು ತಡವರಿಸಿದ ಕಡೆ ನೆರವಿಗೆ ಬರಲಿಲ್ಲ. ಅಧಿಕಾರಿಯ ಮುಖ ಕೆಂಪಾಯಿತು. ಒಳಗೆ ಹೋಗಿ ಕೊಳವೆಗಳನ್ನೆಲ್ಲ ತಂದು, ಒಂದೊಂದೇ ಬಿಚ್ಚಿ, ಆ ಒಂಟಿ ಪದರದ ಬಟ್ಟೆಗಳನ್ನು ನನ್ನ ಮುಂದೆ ಗುಡ್ಡೆ ಹಾಕಿದರು. ಬೂದಿ ಬಣ್ಣಕ್ಕೆ ತಿರುಗಿ ಬಿರುಸಾಗಿದ್ದವು.

ಅಕ್ಕನೊಡನೆ ನಗುತ್ತಿದ್ದ ಹೆಂಗಸು, “ಅಂಗಾರೆ ನಂಗೆ ಸಂಜೆ ಹೊತ್ತು ಎದೆ ಬಿಗಿಯೋದು ಇದ್ಕೇಯಾ?” ಎಂದು ಕೇಳಿದಳು. ಇರಬಹುದು ಎಂದೆ. ಅವಳು ತನ್ನ ಬುತ್ತಿ ಎತ್ತಿಕೊಂಡು ಆಗಲೇ ಹೊರಟುಹೋದಳು, ಮತ್ತೆ ಬರಲಿಲ್ಲ. ಉಳಿದವರು ಮೂಗಿಗೆ ಬಟ್ಟೆ ಕಟ್ಟಿಕೊಂಡರೂ ಅಂದು ನನ್ನೊಡನೆ ಮಾತಾಡಲಿಲ್ಲ. ನನ್ನನ್ನು ಕೆಲಸದಿಂದ ತೆಗೆಯಲಿಲ್ಲ, ಯಜಮಾನಿಕೆ ಮಾತ್ರ ಹೋಯಿತು. ಚಿಟ್ಟೆ ಹಿಡಿಯುವುದನ್ನು ನನಗೇ ಕೊಡಿ ಎಂದು ನಾನೇ ಕೇಳಿಕೊಂಡೆ. ಆ ಪ್ರಯೋಗಾಲಯ ಮುಚ್ಚುವವರೆಗೂ ಒಳಗಿನ ಆ ಕೆಲಸ ನನ್ನದೇ ಆಗಿತ್ತು.

ಆ ವಾರವೇ ಅಕ್ಕನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲು ಬಸ್ಸು ನಿಲ್ದಾಣದಲ್ಲಿ ಕಾದೆ. ಬರುತ್ತಾಳೋ ಇಲ್ಲವೋ ಗೊತ್ತಿರಲಿಲ್ಲ. ಬಂದಳು. ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕೂತಳು. ಶ್ರೀರಂಗಪಟ್ಟಣದಲ್ಲಿ ಇಳಿದು ನನ್ನ ಮುಂದೆ ಮುಂದೆ ನಡೆದಳು, ನಡುವೆ ಉಸಿರಿಗಾಗಿ ನಿಂತಾಗ ನಾನೂ ಹಿಂದೆ ಅಷ್ಟೇ ದೂರದಲ್ಲಿ ನಿಂತೆ.

ಡಾಕ್ಟರು ಚೀಟಿ ನೋಡುತ್ತ, “ಹೇಗಿದ್ದಾರೆ? ಕರು ಕಳಿಸಿದ್ರಾ?” ಎಂದು ನನ್ನನ್ನೇ ಕೇಳಿದರು. ಇಷ್ಟು ದಿನ ಅವರ ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟವನು ನಾನೇ ಅಲ್ಲವೇ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತನ್ನು ಶುರು ಮಾಡಿದೆ: “ಸಾರ್, ಒಂದು ವಿಷಯ ನಾನು ಮುಚ್ಚಿಟ್ಟಿದ್ದೆ...”

“ನೀನು ಸುಮ್ಕಿರು,” ಎಂದಳು ಅಕ್ಕ. ಕುರ್ಚಿಯನ್ನು ಡಾಕ್ಟರ ಕಡೆಗೆ ಎಳೆದುಕೊಂಡಳು. “ಎದೆ ನಂದು. ನಾನೇ ಹೇಳ್ತೀನಿ. ನೀನು ಆಚೆ ಓಗಿ ಕೂತ್ಕೊ.”

ಹೊರಗಿನ ಬೆಂಚಿನ ಮೇಲೆ ಕೂತೆ. ಬಾಗಿಲಿಗೆ ಪರದೆಯಷ್ಟೇ ಇತ್ತು, ಮಾತು ಕೇಳುತ್ತಿತ್ತು. ಜೋಳದ ಪೆಟ್ಟಿಗೆಯಿಂದ ಹಿಡಿದು ಹೇಳಿದಳು, ಹುಳ ಹೇಗೆ ನೂಲು ಬಿಡುತ್ತದೆ, ಚಿಟ್ಟೆ ಎಲ್ಲಿ ಕೂರುತ್ತದೆ, ಕೊಳವೆಯನ್ನು ಬಾಯಲ್ಲಿ ಹೇಗೆ ಹಿಡಿಯಬೇಕು, ಪುಡಿ ನಾಲಿಗೆಗೆ ಹೇಗೆ ಹತ್ತುತ್ತದೆ. ಡಾಕ್ಟರು ನಡುವೆ ನಡುವೆ ಕೇಳುತ್ತಿದ್ದರು, ಅವಳು ತಾಳ್ಮೆಯಿಂದ ಬಿಡಿಸಿ ಹೇಳುತ್ತಿದ್ದಳು. ಬಟ್ಟೆಯ ಮಾತು ಬಂದಾಗ, “ಒಂದು ಪದ್ರ ತಗ್ದಿದ್ರು” ಎಂದಳು. ಯಾರು ಎಂದು ಡಾಕ್ಟರು ಕೇಳಿದರು. ಅಕ್ಕ ಕೆಮ್ಮಿ, ಉಸಿರು ಕೂಡಿಸಿಕೊಂಡು, “ನನ್ ತಮ್ಮ. ಆಚೆ ಕೂತವ್ನಲ್ಲ, ಅವ್ನೇ,” ಎಂದಳು. ದನಿ ಏರಿಸಲಿಲ್ಲ, ತಗ್ಗಿಸಲೂ ಇಲ್ಲ.

ಅಂದು ಔಷಧಿ ಬದಲಾಯಿತು. ಅಕ್ಕ ಮತ್ತೆ ಚಿಟ್ಟೆಮನೆಯ ಹೊಸ್ತಿಲು ತುಳಿಯಲಿಲ್ಲ. ಎರಡು ಚಳಿಗಾಲ ಕಳೆದ ಮೇಲೆ ಮೆಟ್ಟಿಲು ಹತ್ತುವಂತಾದಳು. ಪೂರ್ತಿ ಸರಿಹೋಗಲಿಲ್ಲ. ನನ್ನೊಡನೆ ಮಾತು ಬಿಡಲಿಲ್ಲ, ಆದರೆ ಡಾಕ್ಟರ ಕೋಣೆಗೆ ನನ್ನನ್ನು ಮತ್ತೆಂದೂ ಒಳಗೆ ಕರೆಯಲಿಲ್ಲ. ಅವಳ ಕೊನೆಯವರೆಗೂ ನಾನು ಕರೆದುಕೊಂಡು ಹೋಗುತ್ತಿದ್ದೆ, ಬೆಂಚಿನ ಮೇಲೆ ಕೂರುತ್ತಿದ್ದೆ, ಅವಳು ಒಳಗೆ ಹೋಗಿ ತನ್ನ ಉಸಿರಿನ ವಿಷಯ ತಾನೇ ಹೇಳಿ ಬರುತ್ತಿದ್ದಳು.